ಎರಡು ಸಲ ತಟ್ಟಿದರೆ ಬಿಡಬೇಕು

ಅಧ್ಯಾಯ ಒಂಬತ್ತು

"ಅಪರಾಧಿ ಅಂದ್ರೆ ಹುಲಿ," ಎಂದರು ಮಾಸ್ಟರ್. ಬರೀ ಬಾಯಲ್ಲಿ ಹೇಳಿದರೆ ಸಾಲದೆಂದು ಗೋಡೆಯ ಪರದೆಯ ಮೇಲೆ ಹುಲಿಯ ಚಿತ್ರವೊಂದನ್ನೂ ಬೀಳಿಸಿದ್ದರು. "ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಬೇಕು. ಒಳಗಿರೋ ಮೃಗ ಏನು ಯೋಚನೆ ಮಾಡ್ತಿದೆ ಅಂತ ಗೊತ್ತಾದ್ರೆ ಮುಂದಿನದೆಲ್ಲ ಸಲೀಸು."

ಮ್ಯಾಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ಹೆಂಗಸರೆಲ್ಲ ಭಯಭಕ್ತಿಯಿಂದ ಹುಲಿಯನ್ನು ನೋಡಿದರು. ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ದೊಡ್ಡಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಆಕಳಿಸಿದರು.

ಪೊಲೀಸ್ ಇಲಾಖೆಯಲ್ಲಿ ಕೊಲೆ ಪ್ರಕರಣಗಳ ಬೆನ್ನು ಹತ್ತಿಯೇ ತಲೆ ನರೆಸಿಕೊಂಡ ಹೆಂಗಸು ಅವರು. ಹುಲಿಯನ್ನು ಕಂಡದ್ದು ಮೃಗಾಲಯದಲ್ಲಿ ಮಾತ್ರ. ಠಾಣೆಗೆ ಬಂದವರೆಲ್ಲ ಸೋಮಾರಿಗಳು, ಅಳುಬುರುಕರು, ಮಾಡಿದ್ದಕ್ಕೆ ಹೆಂಡತಿಯನ್ನೋ ಸೆಕೆಯನ್ನೋ ದೂರುವವರು. ಸ್ವಂತ ಅಣ್ಣನನ್ನು ಕೊಂದು ಬಂದ ಒಬ್ಬ ಮಹಾಶಯ, ಲಾಕಪ್ಪಿನಲ್ಲಿ ಸೊಳ್ಳೆ ಕಾಟ, ನಿದ್ದೆ ಇಲ್ಲ ಎಂದು ಬೆಳಗಿನವರೆಗೂ ಗೊಣಗಿದ್ದ. ಇಂಥವರ ಒಳಗೆ ಮೃಗವನ್ನು ಹುಡುಕಿದರೆ ಮೃಗಗಳಿಗೆ ಬೇಜಾರಾದೀತು.

ಕಳ್ಳಕಾಕರು ಕೂಡ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ನಿವೃತ್ತಿಯಾಗಿ ಲಾಠಿ ಟೋಪಿ ಎಲ್ಲ ವಾಪಸು ಕೊಟ್ಟರೂ ಆ ಹೆಸರು ಮಾತ್ರ ಉಳಿದುಕೊಂಡಿತ್ತು. ಆದರೆ ಇವತ್ತು ಅವರನ್ನು ಈ ಮೂರನೇ ಮಹಡಿಗೆ ಹತ್ತಿಸಿದವಳು ಆ ಹೆಸರಿನ ನಿಜವಾದ ಹಕ್ಕುದಾರಳು: ತಂಗಿಯ ಮಗಳು, ಹಲ್ಲಿನ ಡಾಕ್ಟರು.

ಎರಡು ವಾರದ ಹಿಂದೆ ಬೆಳಿಗ್ಗೆ, ತನ್ನ ಕ್ಲಿನಿಕ್ ಇರುವ ಕಟ್ಟಡದ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ, ಯಾರೋ ಹಿಂದಿನಿಂದ ಬಂದು ಅವಳ ಕತ್ತಿಗೆ ತೋಳು ಬಿಗಿದಿದ್ದ. ಅವನ ಮುಖ ಅವಳಿಗೆ ಕಾಣಲಿಲ್ಲ, ಹೇಗೋ ಬದುಕಿದಳು. ಅದಕ್ಕೆ ಮೂರು ತಿಂಗಳ ಮೊದಲು ಪಕ್ಕದ ಕಟ್ಟಡದ ಹೊಲಿಗೆ ಅಂಗಡಿಯಾಕೆಗೆ ಹೀಗೇ ಆಗಿತ್ತು, ಆಕೆ ಬದುಕಲಿಲ್ಲ.

ಹಾಲಿ ಇನ್ಸ್‌ಪೆಕ್ಟರು ಎರಡನ್ನೂ ಕಳ್ಳತನದ ಪ್ರಯತ್ನ ಎಂದು ಷರಾ ಬರೆದು ಕೈ ತೊಳೆದುಕೊಂಡಿದ್ದ. ಏನೂ ಕದಿಯದ ಕಳ್ಳ. ಅಷ್ಟು ಬುದ್ಧಿವಂತ ಇನ್ಸ್‌ಪೆಕ್ಟರನನ್ನು ದೊಡ್ಡಮ್ಮ ತಮ್ಮ ಕಾಲದಲ್ಲಾಗಿದ್ದರೆ ಟಪಾಲು ವಿಭಾಗಕ್ಕೆ ಕಳಿಸುತ್ತಿದ್ದರು.

ಇತ್ತ ಮಾಸ್ಟರ್ ಈ ಸಂಕಟದಲ್ಲೂ ತಮ್ಮ ಬೇಳೆ ಬೇಯಿಸಿಕೊಂಡಿದ್ದರು. ಹಲ್ಲಿನ ಡಾಕ್ಟರು ಅವರ ಆತ್ಮರಕ್ಷಣೆಯ ತರಗತಿಗೆ ವರ್ಷದಿಂದ ಬರುತ್ತಿದ್ದವಳು. ಸುದ್ದಿ ಹಬ್ಬಿದ ಮರುದಿನವೇ ಮೆಟ್ಟಿಲ ಬುಡದಲ್ಲಿ ಬ್ಯಾನರ್ ಬಿತ್ತು: 'ಕೊಲೆಗಡುಕನನ್ನು ಮಣ್ಣು ಮುಕ್ಕಿಸಿದ ನಮ್ಮ ವಿದ್ಯಾರ್ಥಿನಿ.' ಪಕ್ಕದಲ್ಲಿ ಎದೆಗೆ ಕೈ ಕಟ್ಟಿ ನಿಂತ ಮಾಸ್ಟರ ಚಿತ್ರ. ವಿದ್ಯಾರ್ಥಿನಿಯ ಚಿತ್ರ ಮೂಲೆಯಲ್ಲಿ, ಅಂಚೆಚೀಟಿಯಷ್ಟು. ಅಂದಿನಿಂದ ತರಗತಿಯಲ್ಲಿ ಕೂರಲು ಜಾಗವಿಲ್ಲ.

ಆ ಬ್ಯಾನರಿನ ಎದುರಿಗೇ ಕಾರು ನಿಲ್ಲಿಸಿದಾಗ ಹುಡುಗಿ ಬಾಯಿ ಬಿಟ್ಟಿದ್ದಳು. ಗಂಟಲು ಇನ್ನೂ ಕೂಡಿಕೊಂಡಿರಲಿಲ್ಲ. ಮಾತು ಗರಗಸ ಎಳೆದ ಹಾಗೆ ಬರುತ್ತಿತ್ತು.

"ದೊಡ್ಡಮ್ಮ, ಅದೆಲ್ಲ ಸುಳ್ಳು. ನಾನು ಏನೂ ಮಾಡ್ಲಿಲ್ಲ."

"ಏನೂ ಅಂದ್ರೆ?"

"ಮೊಣಕೈಲಿ ಗುದ್ದೋದು, ಕಾಲು ತುಳಿಯೋದು, ಕಲಿತದ್ದು ಒಂದೂ ನೆನಪಿಗೆ ಬರ್ಲಿಲ್ಲ. ಉಸಿರು ನಿಂತುಹೋಯ್ತು. ಆಗ..." ಅವಳು ಸ್ಟೇರಿಂಗಿನ ಮೇಲೆ ಕಣ್ಣು ನೆಟ್ಟಳು. "ಅವನ ತೋಳಿನ ಮೇಲೆ ಎರಡು ಸಲ ತಟ್ಟಿದೆ. ತರಗತೀಲಿ ಮಾಡ್ತೀವಲ್ಲ, ಹಾಗೆ."

"ತಟ್ಟಿದ್ರೆ?"

"ತಟ್ಟಿದ್ರೆ ಬಿಡಬೇಕು. ಅಭ್ಯಾಸ ಮಾಡುವಾಗ ತಡ್ಕೊಳ್ಳೋಕೆ ಆಗ್ಲಿಲ್ಲ ಅಂದ್ರೆ ಎರಡು ಸಲ ತಟ್ಟೋದು, ಹಿಡಿದಿರೋರು ತಕ್ಷಣ ಬಿಡೋದು. ಅಷ್ಟೇ ನಾನು ಮಾಡಿದ್ದು. ಸಾಯ್ತಾ ಇದೀನಿ, ದಯವಿಟ್ಟು ಬಿಡಪ್ಪ ಅಂತ ಕೇಳಿಕೊಂಡ ಹಾಗೆ. ನಾಚಿಕೆ ಆಗಿ ಯಾರಿಗೂ ಹೇಳ್ಲಿಲ್ಲ."

"ಅವನು ಬಿಟ್ನಾ?"

"ಬಿಟ್ಟ. ಬಿಟ್ಟು ಓಡಿಹೋದ."

ಎರಡು ವಾರ ಈ ಹುಡುಗಿ ನಾಚಿಕೆಯಿಂದ ಬಚ್ಚಿಟ್ಟುಕೊಂಡದ್ದು ಇಡೀ ಪ್ರಕರಣದ ಬೀಗದ ಕೈ. ಕತ್ತು ಹಿಸುಕಿ ಕೊಲ್ಲಲು ಬಂದವನು ಎರಡು ಸಲ ತಟ್ಟಿದರೆ ಯಾಕೆ ಬಿಡುತ್ತಾನೆ? ಅವನ ಮನಸ್ಸು ಬಿಡಲಿಲ್ಲ, ತೋಳು ಬಿಟ್ಟಿತು. ವರ್ಷಗಟ್ಟಲೆ ತಟ್ಟಿದೊಡನೆ ಬಿಟ್ಟು ಬಿಟ್ಟು ಪಳಗಿದ ತೋಳು. ಬೀದಿಯ ಕಳ್ಳನಿಗೆ ಅಂಥ ತೋಳು ಇರುವುದಿಲ್ಲ. ಪಾಪ, ಹೊಲಿಗೆಯಾಕೆ ತಟ್ಟಿರಲಿಕ್ಕಿಲ್ಲ. ಆಕೆಗೆ ಯಾರೂ ಕಲಿಸಿರಲಿಲ್ಲ.

"ಮೇಲೆ ಬರ್ತೀಯಾ?"

ಹುಡುಗಿ ತಲೆ ಅಲ್ಲಾಡಿಸಿದಳು.

"ಸರಿ, ಇಲ್ಲೇ ಇರು. ಬಾಗಿಲು ಲಾಕ್ ಮಾಡ್ಕೋ. ಯಾರು ಬಂದ್ರೂ ಗಾಜು ಇಳಿಸಬೇಡ. ಇನ್ನೊಂದು ಮಾತು, ಈ ತಟ್ಟೋ ಚಟ ಬಿಟ್ಟುಬಿಡು. ಒಂದು ಸಲ ಅದೃಷ್ಟ ಚೆನ್ನಾಗಿತ್ತು. ಏನಾದ್ರೂ ಆದ್ರೆ ಹಾರ್ನ್ ಒತ್ತು. ಕೈ ಬಿಡುವಿಲ್ಲದಿದ್ರೆ ಹಣೆಯಿಂದ ಒತ್ತು. ಇವರಿಗೆ ಗಲಾಟೆ ಅಂದ್ರೆ ಆಗಲ್ಲ. ತಿಳೀತಾ?"

"ತಿಳೀತು ದೊಡ್ಡಮ್ಮ."

ಈಗ ಹುಲಿ ಪರದೆಯಿಂದ ಮಾಯವಾಯಿತು. ಹೆಂಗಸರು ಚಪ್ಪಾಳೆ ತಟ್ಟಿ, ಬ್ಯಾಗುಗಳನ್ನು ಹೆಗಲಿಗೇರಿಸಿ, ಎದುರಿಗೆ ಸಿಕ್ಕವರೆಲ್ಲರ ಕಣ್ಣಲ್ಲಿ ಕಣ್ಣಿಡುವ ಉತ್ಸಾಹದಲ್ಲಿ ಮೆಟ್ಟಿಲಿಳಿದರು. ಕಿಟಕಿಯಿಂದ ಸಂಜೆಯ ಬಿಸಿಲು ಮ್ಯಾಟಿನ ಮೇಲೆ ಬಿದ್ದಿತ್ತು. ಗೋಡೆಯ ಮೊಳೆಗೆ ದಪ್ಪ ಗಾದಿಯಂಥ ಉಡುಪೊಂದು ನೇತುಬಿದ್ದಿತ್ತು. ಅದನ್ನು ತೊಟ್ಟು ಕಳ್ಳನ ಪಾತ್ರ ಮಾಡಿ ಹೆಂಗಸರಿಂದ ಒದೆ ತಿನ್ನುವುದೇ ಒಬ್ಬನ ಕೆಲಸ. ಎಲ್ಲರೂ ಅವನನ್ನು ಗಾದಿ ಎಂದೇ ಕರೆಯುತ್ತಿದ್ದರು.

ದೊಡ್ಡಮ್ಮ ಮೊದಲು ಅನುಮಾನ ಪಟ್ಟದ್ದು ಆ ಗಾದಿಯ ಮೇಲೆ. ಆದರೆ ಒಂದೂವರೆ ತಿಂಗಳ ಹಿಂದೆ ಯಾರೋ ಅತ್ಯುತ್ಸಾಹಿ ಶಿಷ್ಯೆ ಒದ್ದ ಏಟಿಗೆ ಅವನ ಬಲಗೈ ಮುರಿದಿತ್ತು. ಪ್ಲಾಸ್ಟರ್ ಹಾಕಿಕೊಂಡು ಮನೆಯಲ್ಲಿ ಬಿದ್ದಿದ್ದಾನೆ. ಆ ಕೈಯಲ್ಲಿ ಬಟನ್ ಹಾಕಿಕೊಳ್ಳುವುದೇ ಕಷ್ಟ. ಉಳಿದವರು ಯಾರು? ಎದೆಗೆ ಕೈ ಕಟ್ಟಿ ಬ್ಯಾನರಿನಲ್ಲಿ ನಿಂತವರು.

"ಅಕ್ಕ, ಕಾಲು ಸ್ವಲ್ಪ ಎತ್ತಿ."

ಪ್ಯಾಂಟನ್ನು ಮೊಣಕಾಲವರೆಗೆ ಮಡಿಸಿಕೊಂಡು ಮ್ಯಾಟು ಒರೆಸುತ್ತ ಬಂದಿದ್ದವರು ಕನ್ನಡಕದಂಗಡಿಯವರು. ಹುಡುಗಿಯ ಕ್ಲಿನಿಕ್ಕಿನ ಕಟ್ಟಡದಲ್ಲೇ ಕೆಳಗೆ ಅವರ ಅಂಗಡಿ. ಆ ದಿನ ಪಾರ್ಕಿಂಗಿನಲ್ಲಿ ಬಿದ್ದಿದ್ದವಳ ಬಳಿಗೆ ನೀರಿನ ಬಾಟಲಿ ಹಿಡಿದು ಎಲ್ಲರಿಗಿಂತ ಮೊದಲು ಓಡಿಬಂದವರು ಅವರೇ. ಆಸ್ಪತ್ರೆಗೆ ಕರೆದೊಯ್ದರು, ತಂಗಿಗೆ ಫೋನ್ ಮಾಡಿದರು, ಆಮೇಲೆ ಮೂರು ದಿನ ಬಂದು ವಿಚಾರಿಸಿಕೊಂಡು ಹೋದರು. ಈ ಬಡಾಯಿಯ ಗೂಡಿನಲ್ಲಿ ಇಂಥವರೊಬ್ಬರು ಸದ್ದಿಲ್ಲದೆ ನೆಲ ಒರೆಸುತ್ತಿರುವುದು ಕಂಡು ದೊಡ್ಡಮ್ಮನಿಗೆ ಸಮಾಧಾನವಾಯಿತು.

"ನಿಮಗ್ಯಾಕೆ ಈ ಕೆಲಸ?" ಎಂದರು ಕಾಲೆತ್ತುತ್ತ.

"ಇರ್ಲಿ ಬಿಡಿ ಅಕ್ಕ, ಮೈಗೆ ಒಳ್ಳೇದು." ಅವರು ಮಾಪನ್ನು ಬಕೆಟ್ಟಿಗೆ ಅದ್ದಿ ಹಿಂಡಿದರು. "ಡಾಕ್ಟರಮ್ಮ ಬರ್ಲಿಲ್ವಾ?"

"ಕೆಳಗೆ ಕಾರಲ್ಲಿದಾಳೆ. ಮೆಟ್ಟಿಲು ಹತ್ತೋಕೆ ಮನಸ್ಸಾಗ್ಲಿಲ್ಲ."

"ಒಬ್ಬರೇನಾ? ನಾನು ಹೋಗಿ ಜೊತೆಗಿರ್ತೀನಿ."

"ಬೇಡ ಬೇಡ. ಲಾಕ್ ಮಾಡ್ಕೊಂಡು ಕೂತಿದಾಳೆ."

"ಅಯ್ಯೋ, ನನಗೇನು ಕೆಲಸ ಹೇಳಿ. ನೀವು ಮಾಸ್ಟರ ಹತ್ರ ಮಾತಾಡೋದು ಹೊತ್ತಾಗುತ್ತೆ. ಹುಡುಗಿ ಮೊದಲೇ ಹೆದರಿದಾಳೆ."

ದೊಡ್ಡಮ್ಮನ ಕಣ್ಣು ಆಗಲೇ ಮಾಸ್ಟರ ಮೇಲಿತ್ತು. ಅವರು ಕನ್ನಡಿಯ ಮುಂದೆ ನಿಂತು ಕೂದಲು ಸರಿಮಾಡಿಕೊಳ್ಳುತ್ತಿದ್ದರು. ಇಂಥ ಬೇಟೆಯನ್ನು ಬಹಳ ದಿನದಿಂದ ದೊಡ್ಡಮ್ಮ ಕಂಡಿರಲಿಲ್ಲ.

"ಸರಿ, ಹೋಗಿ. ಒಬ್ಬಳನ್ನೇ ಬಿಡಬೇಡಿ."

ಕನ್ನಡಕದವರು ಮಾಪನ್ನು ಬಕೆಟ್ಟಿನಲ್ಲೇ ಬಿಟ್ಟು, ಪ್ಯಾಂಟು ಇಳಿಸಿಕೊಂಡು, ಕೈ ಒರೆಸಿಕೊಳ್ಳುತ್ತ ಹೊರಟರು. ನೆಲ ಅರ್ಧ ಒದ್ದೆಯಾಗಿತ್ತು, ಅರ್ಧ ಒಣಗಿತ್ತು.

"ಹೇಳಿ ತಾಯಿ," ಎಂದರು ಮಾಸ್ಟರ್ ಬಂದು. "ನಿಮ್ಮ ವಯಸ್ಸಿನವರಿಗೂ ನಮ್ಮಲ್ಲಿ ಬ್ಯಾಚ್ ಇದೆ. ಕೊಡೆ ಹಿಡ್ಕೊಂಡು ಹೊಡೆಯೋದು ಹೇಳ್ಕೊಡ್ತೀವಿ."

"ಕೊಡೆ ನನಗೆ ಮಳೆಗೆ ಸಾಕು. ಆ ಬ್ಯಾನರ್ ಇಳಿಸಿ."

"ಯಾಕೆ? ನಮ್ಮ ಟೆಕ್ನಿಕ್ಕಿಂದಾನೇ ಅಲ್ವಾ ಡಾಕ್ಟರು ಬದುಕಿದ್ದು. ಮೊಣಕೈ, ಹಿಮ್ಮಡಿ, ತಿರುಗು. ಪೇಪರಲ್ಲೇ ಬಂದಿದೆ."

"ಪೇಪರಿಗೆ ಹೇಳಿದ್ದು ನೀವು. ನನಗೆ ಹೇಳಿದ್ದು ಅವಳು." ದೊಡ್ಡಮ್ಮ ಕುರ್ಚಿಯಿಂದೇಳಲಿಲ್ಲ. "ಅವಳು ಎರಡು ಸಲ ತಟ್ಟಿದ್ಲು. ಅವನು ಬಿಟ್ಟ."

ಮಾಸ್ಟರ ನಗು ಹಾಗೇ ಉಳಿಯಿತು, ಆದರೆ ಅದರ ಹಿಂದೆ ಯಾರೂ ಇರಲಿಲ್ಲ. ತಿಳಿಯಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಪರದೆಯ ಮೇಲೆ ಚಿತ್ರ ಬೀಳಿಸದೆ ಯೋಚಿಸುವುದು ಅವರಿಗೆ ಅಭ್ಯಾಸವಿರಲಿಲ್ಲ.

"ಅಂದ್ರೆ," ಎಂದರು. "ನಮ್ಮವನೇ ಯಾರೋ."

"ನಿಮ್ಮ ಮೃಗಾಲಯದ್ದೇ ಪ್ರಾಣಿ. ಆ ದಿನ ಬೆಳಿಗ್ಗೆ ನೀವೆಲ್ಲಿದ್ರಿ?"

"ನಾನಾ? ಇಲ್ಲೇ. ಬೆಳಗಿನ ಬ್ಯಾಚ್ ಇತ್ತು."

"ಇರ್ಲಿಲ್ಲ. ಇಲ್ಲಿ ಬೀಗ ಹಾಕಿತ್ತು. ಬ್ಯಾಚಿನವರು ಮೆಟ್ಟಿಲ ಮೇಲೆ ಕಾದು ಕಾದು ವಾಪಸ್ ಹೋದ್ರು ಅಂತ ಕೆಳಗಿನ ಜೆರಾಕ್ಸ್ ಅಂಗಡಿಯಾಕೆ ಹೇಳಿದ್ಲು. ಮಧ್ಯಾಹ್ನ ಬರಿಗಾಲಲ್ಲಿ ಬಂದ್ರಂತಲ್ಲ ನೀವು. ಶೂ ಎಲ್ಲಿ ಹೋಗಿತ್ತು?"

ಕಾರಿನಿಂದಿಳಿದ ಮೇಲೆ ಜೆರಾಕ್ಸ್ ಅಂಗಡಿಯಲ್ಲಿ ಕೆದಕಿ ತೆಗೆದ ಈ ಶೂ ವಿಷಯವನ್ನು ದೊಡ್ಡಮ್ಮ ಸೆರಗಿಗೆ ಕಟ್ಟಿಕೊಂಡೇ ಮೇಲೆ ಹತ್ತಿದ್ದರು. ಪಾರ್ಕಿಂಗಿನಲ್ಲಿ ಕೊಲೆಯ ಪ್ರಯತ್ನ ನಡೆದ ದಿನ ಒಬ್ಬ ಗಂಡಸು ಶೂ ಕಳೆದುಕೊಂಡು ಬರುತ್ತಾನೆ. ಶೂ ಗುರುತು ಬಿಟ್ಟಿರಬಹುದೆಂಬ ಹೆದರಿಕೆಗೆ ಎಸೆದಿರಬೇಕು.

ಮಾಸ್ಟರ್ ಮ್ಯಾಟಿನ ಮೇಲೆ ಕುಸಿದು ಕೂತರು. ಒದ್ದೆಯ ಕಡೆಗೇ ಕೂತರು; ಗಮನಿಸಲಿಲ್ಲ.

"ಯಾರಿಗೂ ಹೇಳ್ಬೇಡಿ ತಾಯಿ."

"ಅದು ನೀವು ಏನು ಹೇಳ್ತೀರಿ ಅನ್ನೋದರ ಮೇಲೆ."

"ಬರೋ ದಾರೀಲಿ, ಸೇತುವೆ ಕೆಳಗೆ, ಇಬ್ಬರು ಹುಡುಗರು ಅಡ್ಡ ಬಂದ್ರು. ಮೀಸೆ ಕೂಡ ಸರಿಯಾಗಿ ಬಂದಿರ್ಲಿಲ್ಲ. ಒಬ್ಬನ ಹತ್ರ ಚಾಕು ಇತ್ತು."

"ಆಮೇಲೆ? ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ರಾ?"

"ನೆಲ ನೋಡಿದೆ."

"ಆಮೇಲೆ?"

"ಕೊಟ್ಟೆ. ಫೋನು, ವಾಚು, ಪರ್ಸು."

"ಶೂ ಕೂಡ ಕೇಳಿದ್ರಾ?"

ಮಾಸ್ಟರ್ ತಮ್ಮ ಬರಿಗಾಲನ್ನು ನೋಡಿಕೊಂಡರು. "ಇಲ್ಲ. ಅವರು ಕೇಳ್ಲಿಲ್ಲ. ನಾನೇ ಬಿಚ್ಚಿಕೊಟ್ಟೆ. ಹೊಸದು, ತಗೊಳ್ಳಿ ಅಂದೆ. ಅವರು ಹೋದ ಮೇಲೂ ಅಲ್ಲೇ ಕೂತಿದ್ದೆ. ಕಾಲು ಏಳ್ಲಿಲ್ಲ. ಆಮೇಲೆ ಊರಿನ ಆ ತುದಿ ಠಾಣೆಗೆ ಹೋಗಿ ದೂರು ಕೊಟ್ಟೆ, ಇಲ್ಲಿ ಕೊಟ್ರೆ ಎಲ್ಲರಿಗೂ ಗೊತ್ತಾಗುತ್ತೆ ಅಂತ. ಬೇಕಾದ್ರೆ ವಿಚಾರಿಸಿ."

ವಿಚಾರಿಸುವ ಅಗತ್ಯ ದೊಡ್ಡಮ್ಮನಿಗೆ ಕಾಣಲಿಲ್ಲ. ಗಂಡಸರು ಹೇಳುವ ಸುಳ್ಳುಗಳನ್ನೆಲ್ಲ ಅವರು ಕೇಳಿದ್ದರು. ಎಲ್ಲದರಲ್ಲೂ ಹೇಳುವವನು ಸ್ವಲ್ಪವಾದರೂ ಎತ್ತರವಾಗಿಯೇ ಕಾಣುತ್ತಾನೆ. ಕೇಳದವರಿಗೆ ಶೂ ಬಿಚ್ಚಿಕೊಟ್ಟೆ ಎಂದು ಕಟ್ಟಿ ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ.

ಅವರ ಬೇಟೆ ಕೈತಪ್ಪಿತು. ಸಿಟ್ಟು ಬರಬೇಕಾಗಿತ್ತು, ಬದಲಿಗೆ, ಒದ್ದೆ ನೆಲದಲ್ಲಿ ಕೂತ ಈ ಮನುಷ್ಯನ ಮೇಲೆ ಮೊದಲ ಸಲ ಒಂದಿಷ್ಟು ಗೌರವ ಬಂತು.

"ನೀವು ಮಾಡಿದ್ದು ಸರಿ," ಎಂದರು.

ಮಾಸ್ಟರ್ ತಲೆಯೆತ್ತಿದರು.

"ವಸ್ತು ಬೇಕು ಅಂದವನಿಗೆ ವಸ್ತು ಕೊಟ್ಟು ಕಳಿಸ್ಬೇಕು. ನಿಮ್ಮ ಜೀವನದಲ್ಲಿ ನೀವು ಮಾಡಿರೋ ಒಂದೇ ಒಂದು ಬುದ್ಧಿವಂತ ಕೆಲಸ ಅದು. ಅದನ್ನ ಬಚ್ಚಿಟ್ಟು ಈ ಹೆಂಗಸರಿಗೆ ಹುಲಿ ತೋರಿಸ್ತೀರಲ್ಲ, ನಾಚಿಕೆ ಆಗಬೇಕಾದ್ದು ಅದಕ್ಕೆ. ನಾಳೆ ಯಾವಳಾದ್ರೂ ಪರ್ಸಿಗೋಸ್ಕರ ಚಾಕು ಎದುರಿಗೆ ನಿಂತ್ರೆ ಹೆಣ ಎತ್ತೋಕೆ ನೀವು ಬರ್ತೀರಾ?"

"ಮತ್ತೆ, ವಸ್ತು ಬೇಡ ಅನ್ನೋನು ಬಂದ್ರೆ? ಡಾಕ್ಟರಿಗೆ ಬಂದ ಹಾಗೆ?"

ಪ್ರಶ್ನೆ ಪ್ರಾಮಾಣಿಕವಾಗಿತ್ತು. ದೊಡ್ಡಮ್ಮ ಕುರ್ಚಿಯನ್ನು ಎಳೆದು ಹತ್ತಿರ ಕೂತರು.

"ಅವನು ಎಗರಿ ಬರಲ್ಲ. ಅವನಿಗೆ ಅಷ್ಟು ಎದೆ ಇಲ್ಲ. ಇವರೆಲ್ಲ ಹೇಡಿಗಳು, ಗೆಲ್ಲೋದು ಗ್ಯಾರಂಟಿ ಆದ ಮೇಲೇ ಕೈ ಎತ್ತೋದು. ಅದಕ್ಕೇ ಮೊದಲು ಅಳತೆ ನೋಡ್ತಾನೆ. ಬ್ಯಾಗು ಕೊಡಿ ಹಿಡ್ಕೋತೀನಿ ಅಂತಾನೆ, ಮನೆವರೆಗೂ ಬಿಡ್ತೀನಿ ಅಂತಾನೆ. ಸಹಾಯ ಮುಖ್ಯ ಅಲ್ಲ. ನೀವು ಬೇಡ ಅಂದಾಗ ಏನು ಮಾಡ್ತಾನೆ, ಅದನ್ನ ನೋಡ್ಕೋಬೇಕು. ಒಳ್ಳೆಯವನು ಸರಿ ಅಂತ ಹೊರಟುಹೋಗ್ತಾನೆ. ಇವನು ಅಯ್ಯೋ ಪರವಾಗಿಲ್ಲ ಅಂತ ಇನ್ನೊಂದು ಸಲ ಕೇಳ್ತಾನೆ. ನೀವು ಮುಲಾಜಿಗೆ ಹೂಂ ಅಂದ್ರೆ ಮುಗೀತು, ಅವನಿಗೆ ಬೇಕಾದ ಉತ್ತರ ಸಿಕ್ಕಿತು. ನಿಮ್ಮ ಬೇಡ ಅನ್ನೋ ಮಾತಿಗೆ ಬೆಲೆ ಇಲ್ಲ ಅಂತ."

"ಇಷ್ಟೇನಾ?"

"ಇಷ್ಟೇ. ಇದಕ್ಕೆ ಪರದೆ ಬೇಕಾಗಿಲ್ಲ."

ಹೇಳಿ ಮುಗಿಸಿದ ಮೇಲೆ ದೊಡ್ಡಮ್ಮನಿಗೆ ಏನೋ ಒಂದು ಚುಚ್ಚಿದಂತಾಯಿತು, ಚಪ್ಪಲಿಯೊಳಗೆ ಸಿಕ್ಕ ಸಣ್ಣ ಕಲ್ಲಿನ ಹಾಗೆ. ಏನೆಂದು ಹೊಳೆಯಲಿಲ್ಲ. ಅವರು ಎದ್ದು ನಿಂತು ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡರು.

"ಏಳಿ. ಹಿಂದಿನಿಂದ ನನ್ನ ಕತ್ತು ಹಿಡೀರಿ."

"ತಾಯಿ, ನಿಮ್ಮ ವಯಸ್ಸು..."

"ಹಿಡೀರಿ ಅಂದ್ರೆ ಹಿಡೀರಿ. ಈ ತೋಳಿನ ಕತೆ ನಾನು ನೋಡ್ಬೇಕು."

ಮಾಸ್ಟರ್ ಅಂಜುತ್ತಲೇ ತೋಳು ಬಳಸಿದರು. ದೊಡ್ಡಮ್ಮ ಎರಡು ಸಲ ತಟ್ಟಿದರು. ಎರಡನೆಯದು ಬೀಳುವಷ್ಟರಲ್ಲಿ ತೋಳು ಸಡಿಲವಾಗಿತ್ತು.

"ಈಗ ಬಿಡಲ್ಲ ಅಂತ ಗಟ್ಟಿ ಮನಸ್ಸು ಮಾಡ್ಕೊಂಡು ಹಿಡೀರಿ."

ಈ ಸಲ ನಿಜವಾಗಿ ಬಿಗಿದರು. ದೊಡ್ಡಮ್ಮನ ಕಣ್ಣಿನ ಅಂಚು ಕಪ್ಪಾಯಿತು. ತಟ್ಟಿದರು. ತೋಳು ಮತ್ತೆ ಸಡಿಲವಾಯಿತು, ಮಾಸ್ಟರನ್ನು ಒಂದು ಮಾತೂ ಕೇಳದೆ.

"ನೋಡಿ, ಆಗ್ತಾನೇ ಇಲ್ಲ," ಎಂದರು ಅವರು ತಮ್ಮ ಕೈಯನ್ನೇ ಆಶ್ಚರ್ಯದಿಂದ ನೋಡಿಕೊಳ್ಳುತ್ತ. "ಇಪ್ಪತ್ತು ವರ್ಷದ ಅಭ್ಯಾಸ. ಬಿಡದೇ ಇರ್ಬೇಕು ಅಂದ್ರೆ ಅದನ್ನೇ ಬೇರೆಯಾಗಿ ಅಭ್ಯಾಸ ಮಾಡ್ಬೇಕಾಗುತ್ತೆ."

ದೊಡ್ಡಮ್ಮ ಕತ್ತು ಸವರಿಕೊಳ್ಳುತ್ತಿದ್ದವರು ಹಾಗೇ ನಿಂತರು.

ಅವನೂ ಹಾಗೇ ಅಂದುಕೊಂಡಿರುತ್ತಾನೆ. ತನ್ನ ತೋಳೇ ತನಗೆ ಕೈಕೊಟ್ಟಿತು ಎಂದು ಹಲ್ಲು ಕಡಿದಿರುತ್ತಾನೆ. ಹೇಡಿ ಮನುಷ್ಯ, ಕೊಲ್ಲಲು ಬಂದವನು, ತಟ್ಟಿದ್ದಕ್ಕೆ ಶಿಸ್ತಾಗಿ ಬಿಟ್ಟುಕೊಟ್ಟವನು. ಇನ್ನೊಂದು ಸಲ ಹಾಗಾಗಬಾರದೆಂದರೆ ಅವನು ಏನು ಮಾಡಬೇಕು? ಕಲಿತದ್ದನ್ನು ಮರೆಯಬೇಕು. ಎಲ್ಲಿ ಮರೆಯಬೇಕು? ಎಲ್ಲಿ ದಿನವೂ ಹೆಂಗಸರು ತಾವಾಗಿ ಕತ್ತು ಕೊಡುತ್ತಾರೋ ಅಲ್ಲಿ.

"ತಟ್ಟಿದ್ರೂ ಬಿಡದೇ ಇರೋದು," ಎಂದು ನಿಧಾನವಾಗಿ ಕೇಳಿದರು, "ಇತ್ತೀಚೆಗೆ ಇಲ್ಲಿ ಯಾರಾದ್ರೂ ಹಾಗೆ ಮಾಡಿದಾರಾ?"

"ಅಪ್ಪಿತಪ್ಪಿ ಆಗುತ್ತೆ. ಅದಕ್ಕೆ ನಮ್ಮಲ್ಲಿ ಶಿಕ್ಷೆ ಇದೆ. ತಟ್ಟಿದ್ರೂ ಬಿಡದವರು ವಾರ ಪೂರ್ತಿ ಮ್ಯಾಟು ಒರೆಸ್ಬೇಕು."

ಇಬ್ಬರ ಕಣ್ಣೂ ಒಟ್ಟಿಗೆ ಬಕೆಟ್ಟಿನ ಮೇಲೆ ಬಿತ್ತು. ಮಾಪಿನ ಕೋಲು ಗೋಡೆಗೆ ಒರಗಿತ್ತು.

"ಅವರು ತಾವಾಗೇ ಒರೆಸ್ತಿದ್ರು ಅಂದ್ಕೊಂಡೆ," ಎಂದರು ದೊಡ್ಡಮ್ಮ. ಅವರ ದನಿ ಅವರಿಗೇ ದೂರದಿಂದ ಕೇಳಿಸಿತು.

"ಎಲ್ಲಿ ತಾಯಿ. ಎರಡನೇ ವಾರ ಇದು. ಗಾದಿ ಕೈ ಮುರ್ಕೊಂಡ ಮೇಲೆ ಕಳ್ಳನ ಪಾರ್ಟು ಅವರದ್ದೇ ಅಲ್ವಾ. ನಾಲ್ಕು ವರ್ಷದಿಂದ ಬರ್ತಿದಾರೆ, ಹೂವಿನಂಥ ಮನುಷ್ಯ, ಬೆರಳು ತಾಗಿದ್ರೆ ಬಿಡೋರು. ಈಗ ಏನಾಗಿದೆಯೋ, ಮೊನ್ನೆ ಒಬ್ಬಾಕೆ ತಟ್ಟಿ ತಟ್ಟಿ ಮುಖ ನೀಲಿಯಾಯ್ತು. ನಾನೇ ಹೋಗಿ ಬಿಡಿಸ್ದೆ. ಡಾಕ್ಟರಿಗೆ ಹಾಗಾದ್ದನ್ನ ನೋಡಿ ಮನಸ್ಸಿಗೆ ಪೆಟ್ಟು ಬಿದ್ದಿರ್ಬೇಕು ಅಂತ ನಾನು..."



ಎಲ್ಲರಿಗಿಂತ ಮೊದಲು ಓಡಿಬಂದ. ಬರದೇ ಏನು? ದೂರ ಹೋಗಿರಲೇ ಇಲ್ಲ. ನೀರಿನ ಬಾಟಲಿ, ಆಸ್ಪತ್ರೆ, ಮನೆಗೆ ಬಂದು ವಿಚಾರಿಸಿದ್ದು. ಅವಳಿಗೆ ಏನು ನೆನಪಿದೆ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದ. ಈಗಷ್ಟೇ, ಈ ಕುರ್ಚಿಯ ಮುಂದೆ, ಬೇಡ ಎಂದರೂ ಇನ್ನೊಂದು ಸಲ ಕೇಳಿದ. ಮುಲಾಜಿಗೆ ಹೂಂ ಎಂದವರು ಯಾರು? ಪೊಲೀಸ್ ಇಲಾಖೆಯ ಮಹಾ ಅನುಭವಿ. ಬಡಾಯಿಗಾರನೊಬ್ಬನನ್ನು ಹೀಯಾಳಿಸುವ ಚಪಲಕ್ಕೆ ಬಿದ್ದು, ಕಾಲ ಬುಡದಲ್ಲಿ ನೆಲ ಒರೆಸುತ್ತಿದ್ದವನ ಮುಖವನ್ನೂ ನೋಡದ ಮುದಿ ಮೂರ್ಖೆ. ದೊಡ್ಡಮ್ಮ ಜೀವನದಲ್ಲಿ ಅನೇಕರನ್ನು ತಾತ್ಸಾರದಿಂದ ಕಂಡಿದ್ದರು. ಇಷ್ಟು ತಾತ್ಸಾರ ಯಾರ ಮೇಲೂ ಬಂದಿರಲಿಲ್ಲ.

ಫೋನ್ ತೆಗೆದರು. ಬೆರಳು ಜಾರಿತು. ಮೂರನೇ ರಿಂಗಿಗೆ ಹುಡುಗಿ ಎತ್ತಿಕೊಂಡಳು.

"ಹೇಳಿ ದೊಡ್ಡಮ್ಮ." ಅದೇ ಗರಗಸದ ಮಾತು, ಆದರೆ ಸ್ವಲ್ಪ ಹಗುರವಾಗಿತ್ತು.

"ಪುಟ್ಟಿ, ಎಲ್ಲಿದೀಯ?"

"ಕಾರಲ್ಲೇ. ಅಂಕಲ್ ಬಂದಿದಾರೆ. ನೀವೇ ಕಳಿಸಿದ್ರಂತಲ್ಲ, ಬಾಗಿಲು ತೆಗೆದೆ."

ದೊಡ್ಡಮ್ಮ ಬಾಗಿಲ ಕಡೆಗೆ ಹೆಜ್ಜೆ ಹಾಕುತ್ತಲೇ ದನಿಯನ್ನು ಸಮವಾಗಿಟ್ಟುಕೊಂಡರು. ಆ ದನಿ ಫೋನಿನಿಂದಾಚೆಗೂ ಕೇಳಿಸೀತು.

"ಒಳ್ಳೇದಾಯ್ತು. ಪಕ್ಕದಲ್ಲಿ ಕೂತಿದಾರಾ?"

"ಇಲ್ಲ, ಹಿಂದಿನ ಸೀಟಲ್ಲಿ. ಮುಂದೆ ಬನ್ನಿ ಅಂದೆ, ಬೇಡ ಅಂದ್ರು."

ಮಾಸ್ಟರ್ ಪಕ್ಕದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಅವರ ಮುಖ ಸುಣ್ಣ ಬಳಿದಂತಾಗಿತ್ತು. ದೊಡ್ಡಮ್ಮ ಕಣ್ಣಿನಲ್ಲೇ ಮೆಟ್ಟಿಲು ತೋರಿಸಿದರು. ಒಂದು ಕ್ಷಣ, ಸೇತುವೆಯ ಕೆಳಗೆ ಏಳದಿದ್ದ ಆ ಕಾಲು ಇಲ್ಲಿಯ ಮ್ಯಾಟಿಗೂ ಅಂಟಿಕೊಂಡಂತೆ ಕಂಡಿತು. ಆಮೇಲೆ ಅವರು ಬರಿಗಾಲಲ್ಲೇ ಓಡಿದರು.

"ಪುಟ್ಟಿ, ಒಂದು ಕೆಲಸ ಮಾಡು. ನನ್ನ ಮಾತ್ರೆ ಡಬ್ಬಿ ಡಿಕ್ಕೀಲಿದೆ. ಇಳಿದು ತಗೊಂಡು ಬಾ. ಈಗಲೇ ಇಳಿ."

"ಆಯ್ತು ದೊಡ್ಡಮ್ಮ, ಇಳೀತೀನಿ." ಆಮೇಲೆ ಫೋನಿನಿಂದ ಸ್ವಲ್ಪ ದೂರ ತಿರುಗಿ: "ಪರವಾಗಿಲ್ಲ ಅಂಕಲ್, ನಾನೇ ಹೋಗ್ತೀನಿ. ಬೇಡ ಅಂಕಲ್."

ಅವನು ಏನೋ ಹೇಳಿದ. ಮೃದುವಾದ ದನಿ, ಮಾತು ಬಿಡಿಸಿ ಕೇಳಲಿಲ್ಲ.

"ಬೇಡ ಅಂದೆನಲ್ಲ ಅಂಕ..."

ಸೀಟಿನ ಬಟ್ಟೆ ಉಜ್ಜಿದ ಸದ್ದು. ಫೋನ್ ಎಲ್ಲೋ ಕೆಳಗೆ ಬಿತ್ತು. ಆಮೇಲೆ ಬಂದ ಸದ್ದನ್ನು ದೊಡ್ಡಮ್ಮ ಈಗಷ್ಟೇ, ತಮ್ಮ ಕೈಯಿಂದಲೇ, ಮಾಸ್ಟರ ತೋಳಿನ ಮೇಲೆ ಮಾಡಿದ್ದರು. ಎರಡು ಸಲ.

ಸ್ವಲ್ಪ ತಡೆದು ಮತ್ತೆ ಎರಡು ಸಲ.

"ತಟ್ಟಬೇಡ," ಎಂದರು ದೊಡ್ಡಮ್ಮ ಫೋನಿಗೆ. "ತಟ್ಟಬೇಡ ಪುಟ್ಟಿ. ಹಾರ್ನ್."

ಅವರು ಮೆಟ್ಟಿಲ ಕಂಬಿಗೆ ಜೋತುಬಿದ್ದು, ನೋಯುವ ಮೊಣಕಾಲನ್ನು ಲೆಕ್ಕಿಸದೆ ಇಳಿದರು. ಎರಡನೇ ಮಹಡಿಯ ತಿರುವಿಗೆ ಬಂದಾಗ ಕೆಳಗೆ ಬೀದಿಯಲ್ಲಿ ಹಾರ್ನ್ ಕೂಗಿತು. ನಿಲ್ಲಲಿಲ್ಲ. ಒಂದೇ ಸಮನೆ, ಏರಿಳಿತವಿಲ್ಲದೆ ಕೂಗುತ್ತಲೇ ಇತ್ತು.

ದೊಡ್ಡಮ್ಮನ ಕೈ ಕಂಬಿಯ ಮೇಲೆ ಹೆಪ್ಪುಗಟ್ಟಿತು. ಸರ್ವಿಸ್ಸಿನಲ್ಲಿ ಅಂಥ ಹಾರ್ನನ್ನು ಅವರು ಅಪಘಾತವಾದ ಎಷ್ಟೋ ರಸ್ತೆಗಳಲ್ಲಿ ಕೇಳಿದ್ದರು. ಹಣೆಯಿಂದ ಒತ್ತು ಎಂದು ಹೇಳಿಕೊಟ್ಟವರು ತಾವೇ. ಜೀವ ಇರುವ ಹಣೆ ಒತ್ತಿದರೂ ಹಾರ್ನ್ ಹೀಗೇ ಕೂಗುತ್ತದೆ, ಜೀವ ಹೋಗಿ ಮುಂದಕ್ಕೆ ಬಿದ್ದ ಹಣೆ ಒತ್ತಿದರೂ ಹೀಗೇ ಕೂಗುತ್ತದೆ.